ಕಾಜಾ ಅತ್ತೆಯ ಬೆರಳುಗಳು

ಕಾಜಾ ಅತ್ತೆ ಎಂದರೆ ಇಡೀ ಬೀದಿಗೆ ಗೊತ್ತು. ಗಂಡ ಹೊಲಿದ ಅಂಗಿಗಳಿಗೆಲ್ಲ ಗುಂಡಿಯ ಕಾಜಾ ಹಾಕುತ್ತಿದ್ದವಳು ಅವಳೇ. ಅಂಗಡಿಯ ಕಿಟಕಿಯ ಬಳಿ, ಮಷಿನ್ನು ತುಳಿಯುವ ಗಂಡನ ಬೆನ್ನ ಹಿಂದೆ ಕೂತು ಸೂಜಿ ಎಳೆದೂ ಎಳೆದೂ ಅವಳ ತಲೆ ನರೆತಿತ್ತು. ಬೆರಳು ಜುಮುಗುಟ್ಟಿದರೆ ಕೈ ಕೊಡವಿ ಮತ್ತೆ ಸೂಜಿ ಹಿಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಹಿಂದಿರುಗಿ ನೋಡಿದ ಗಂಡ, ಅವಳ ಕೈಯಲ್ಲಿದ್ದ ಬಿಳಿ ಅಂಗಿಯ ಮೇಲೆ ಕೆಂಪು ಕಲೆ ಕಂಡು ಮಷಿನ್ನು ನಿಲ್ಲಿಸಿದ. "ಸೂಜಿ ಚುಚ್ಚಿ ರಕ್ತ ಬರ್ತಿದೆ ಕಣೇ, ನೋವಾಗ್ಲಿಲ್ವಾ?"

"ಅಯ್ಯೋ, ಗೊತ್ತೇ ಆಗ್ಲಿಲ್ಲ," ಎಂದವಳಿಗೆ ಆಗ ಹೆದರಿಕೆಯಾಯಿತು.

ಡಾಕ್ಟರು ಮಣಿಕಟ್ಟನ್ನು ಒತ್ತಿ ನೋಡಿದರು. "ಒಂದೇ ಕೆಲಸ ಮಾಡಿ ಮಾಡಿ ಇಲ್ಲಿನ ಸ್ನಾಯುರಜ್ಜುಗಳು ಊದ್ಕೊಂಡಿವೆ. ಆ ಇಕ್ಕಟ್ಟಲ್ಲಿ ನರ ಸಿಕ್ಕಿಹಾಕ್ಕೊಂಡಿದೆ. ಕೈಗೆ ರಜಾ ಕೊಡಿ, ಇಲ್ಲಾಂದ್ರೆ ಹೆಬ್ಬೆರಳ ಬುಡದ ಮಾಂಸವೂ ಕರಗುತ್ತೆ."

ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದಾಯಿತು. ಕಾಜಾ ಕೆಲಸ ಗಂಡನ ಹೆಗಲಿಗೆ ಬಿತ್ತು. ಅವನು ಕುರ್ಚಿ ಎಳೆದುಕೊಂಡು ಕಿಟಕಿಯ ಬಳಿ ಅವಳ ಪಕ್ಕಕ್ಕೇ ಬಂದು ಕೂತ. ಅವನ ಮೊದಲ ಕಾಜಾ ನೋಡಿ ಅವಳು ಬಿದ್ದು ಬಿದ್ದು ನಕ್ಕಳು. "ಇದರೊಳಗೆ ಗುಂಡಿಯೇನು, ಗುಂಡುಕಲ್ಲೇ ತೂರುತ್ತೆ!"

"ಡಾಕ್ಟರು ಕೈಗೆ ಮಾತ್ರ ರಜಾ ಕೊಟ್ರು, ಬಾಯಿಗೆ ಕೊಡ್ಲಿಲ್ಲ," ಎಂದು ಅವನು ಗೊಣಗಿದ.

ಚಳಿಗಾಲ ಕಳೆಯುವಷ್ಟರಲ್ಲಿ ಬೆರಳುಗಳಿಗೆ ಮುಕ್ಕಾಲುಪಾಲು ಜೀವ ಬಂತು. ಅಷ್ಟರಲ್ಲಿ ಕಾಜಾ ಹಾಕುವ ಮಷಿನ್ನೂ ಬಂತು. ಅವಳು ಮತ್ತೆ ಸೂಜಿ ಹಿಡಿಯಬೇಕಾಗಲಿಲ್ಲ.

ಈಗ ಗಂಡನಿಲ್ಲ. ಮಣಿಕಟ್ಟು ಹಿಡಿದುಕೊಂಡಾಗಲೆಲ್ಲ ಅವಳಿಗೆ ಆ ಚಳಿಗಾಲವೇ ನೆನಪಾಗುತ್ತದೆ. "ಅಷ್ಟು ವರ್ಷ ಅವರ ಬೆನ್ನು ನೋಡ್ಕೊಂಡೇ ಕೆಲಸ ಮಾಡಿದ್ದೆ," ಎನ್ನುತ್ತಾಳೆ ಸೊಸೆಯ ಹತ್ತಿರ. "ಕೈ ಕೆಟ್ಟಮೇಲೇ ಕಣಮ್ಮ, ಪಕ್ಕದಲ್ಲಿ ಕೂತು ಮಾತಾಡಿದ್ದು."