ಅಪ್ಪನ ಹಲಗೆಯಲ್ಲಿ ಚಹಾದ ಚೌಕ

ನನ್ನನ್ನು ನೋಡಲು ಹುಕ್ಕೇರಿಯಿಂದ ಚಕ್ಕಡಿಯಲ್ಲಿ ಬಂದಿದ್ದ ವರ ಮೂರನೆಯ ಸಲ ತಮ್ಮ ಕುದುರೆಯನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿದರು. ಚದುರಂಗದ ಕುದುರೆ. ಅಪ್ಪ ಹಲಗೆಯ ಚೌಕಗಳಿಗೆ ಗೋಕಾಕದ ಓಣಿಗಳ ಹೆಸರು ಬರೆದು ತಮ್ಮದೇ ನಿಯಮ ಮಾಡಿದ್ದರು. ನಮ್ಮ ಮನೆಯ ಚೌಕಕ್ಕೆ ಬಂದ ಕಾಯಿ ಚಹಾ ಕುಡಿದೇ ಹೊರಡಬೇಕು. ಅಂದರೆ ಒಂದು ಸರದಿ ಹೋಯಿತು.

"ಮತ್ತ ಚಹಾಕ್ಕ ಬಂದ್ರೇನು? ಕುಂದರ್ರಿ ಹಂಗಾರ," ಎಂದು ಅಪ್ಪ ನಗುತ್ತಲೇ ಗೆದ್ದರು. ಹುಡುಗನಿಗೆ ಆಟ ಬಾರದೆಂದು ಮರುಗಿದರೂ ಸಂಬಂಧಕ್ಕೆ ಒಪ್ಪಿದರು.

ಮದುವೆಯಾದ ಮೇಲೆ ಇವರು ಅದೇ ಹಲಗೆಯಲ್ಲಿ ಅಪ್ಪನನ್ನು ಸಲೀಸಾಗಿ ಸೋಲಿಸಿದರು. ಹಾಗಾದರೆ ಅಂದು ಸೋತದ್ದೇಕೆಂದು ಕೇಳಿದೆ.

"ಲಗೂನ ಗೆದ್ದಬಿಟ್ಟಿದ್ರ ಎದ್ದ ಹೋಗಬೇಕಾಗ್ತಿತ್ತು. ನೀ ಇನ್ನೂ ಬಾಗಲದಾಗ ನಿಂತಿದ್ದಿ."

ಹಲಗೆ ಈಗ ಹುಕ್ಕೇರಿಯ ನಮ್ಮ ಮನೆಯಲ್ಲಿದೆ. ಈಗ ಗೆಲ್ಲಲೆಂದೇ ಆಡುವ ಇವರ ಕುದುರೆ ಆ ಚೌಕದ ಹತ್ತಿರವೂ ಸುಳಿಯುವುದಿಲ್ಲ. ನಾನು ತಂದಿಟ್ಟ ಚಹಾ ಹಲಗೆಯ ಬಾಜೂಕೇ ಆರುತ್ತಿರುತ್ತದೆ.