ಮೂಗಿಗೆ ಬಡಿಯದ ಬಾಗಿಲು

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹುಡುಕಿ ತೆಗೆಯುವ ಕಷ್ಟ ಬೇಡ. ಆದರೆ ಕುವೈತಿಗೆ ಬಂದ ಮೇಲೆ ನಾನು ಕೂಡಿಸಿದ ಒಂದು ಬಾಗಿಲು ಕಿರುಗುಟ್ಟಿತು ಅಂತ ಇವತ್ತಿನವರೆಗೆ ಯಾರೂ ಫೋನ್ ಮಾಡಿಲ್ಲ. ಫಿಂಟಾಸಿನ ಒಂದು ವಿಲ್ಲಾ ಕಾಂಪೌಂಡಿನ ಹಾಲಿನಲ್ಲಿ ಇಂಗ್ಲಿಷ್ ಮಂದಿಯ ನಾಟಕಕ್ಕೆ ಸೆಟ್ ಹಾಕಬೇಕೆಂದು ನಮ್ಮ ಬಡಗಿ ವರ್ಕ್‌ಶಾಪಿಗೆ ಕೆಲಸ ಬಂದಾಗ ನನ್ನನ್ನೇ ಕಳಿಸಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆಶ್ಚರ್ಯವಾದದ್ದು ಅಲ್ಲಿದ್ದ ಡೈರೆಕ್ಟರ್ ಸಾಹೇಬರ ಮುಖ ನೋಡಿ.

ಉದ್ದ ಗದ್ದ. ಬಾಗಿಲು ತೆರೆದಿಟ್ಟಂಥ ಕಿವಿ. ಹುಬ್ಬುಗಳೆರಡೂ ಬೇರೆ ಬೇರೆ ಧಣಿಗಳ ಕೈಯಲ್ಲಿ ಕೆಲಸಕ್ಕಿದ್ದ ಹಾಗೆ ತಮ್ಮ ಪಾಡಿಗೆ ತಾವು ಏಳುತ್ತಿದ್ದವು, ಇಳಿಯುತ್ತಿದ್ದವು. ಅವರು ‘ಗುಡ್ ಮಾರ್ನಿಂಗ್’ ಎಂದರು, ನನಗೆ ನಗು ಬಂತು. ಮೊಳೆ ಹುಡುಕುವ ನೆಪದಲ್ಲಿ ಚೀಲದೊಳಗೆ ಮುಖ ಹಾಕಿದೆ.

“ನಗು, ಪರವಾಗಿಲ್ಲ,” ಎಂದರು. “ಎಲ್ಲರೂ ಮೊದಲ ದಿನ ನಗುತ್ತಾರೆ. ನನಗೆ ಬೇಕಾದದ್ದು ಒಂದು ಬಾಗಿಲು. ಮೂಗಿಗೆ ಬಡಿಯದ ಬಾಗಿಲು.”

ಅವರ ಇಂಗ್ಲಿಷು ನನಗೆ ತಿಳಿದಷ್ಟನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ. ತಿಳಿಯದೆ ಬಿಟ್ಟದ್ದೂ ಇದ್ದೀತು.

ಸಾಹೇಬರು ತಮ್ಮ ದೇಶದಲ್ಲಿ ಸಿನಿಮಾದಲ್ಲಿ, ಟೀವಿಯಲ್ಲಿ ಬಣ್ಣ ಹಚ್ಚಿದವರು. ನಾಯಕರಾಗಿ ಅಲ್ಲ. ನಾಯಿ ಕಚ್ಚಿಸಿಕೊಳ್ಳುವ ಪೋಸ್ಟ್‌ಮನ್, ಸೂಪಿನ ಬಟ್ಟಲು ಬೀಳಿಸುವ ವೇಟರ್, ಕಳ್ಳನಿಗೇ ದಾರಿ ತೋರಿಸುವ ಪೊಲೀಸ್. ಮೊದಲ ಪಾರ್ಟು ಸಿಕ್ಕಿದ್ದೂ ಪೊಲೀಸಿನದೇ, ಯಾಕೆಂದರೆ ಕಂಪನಿಯ ಹತ್ತಿರ ಇದ್ದ ಒಂದೇ ಪೊಲೀಸ್ ಅಂಗಿ ಇವರ ಮೈಗೆ ಹಿಡಿದಿತ್ತು. ಪೋಸ್ಟರಿನಲ್ಲಿ ಇವರ ಹೆಸರು ಪ್ರಿಂಟಿಂಗ್ ಪ್ರೆಸ್ಸಿನ ಹೆಸರಿಗಿಂತ ಒಂದು ಸಾಲು ಮೇಲೆ. ಬೀದಿಯಲ್ಲಿ ಜನ ನಿಲ್ಲಿಸಿ, “ನೀನು ಸೂಪಿನವನಲ್ಲವೇ?” ಎಂದು ಕೇಳುತ್ತಿದ್ದರಂತೆ.

“ಎಲ್ಲದಕ್ಕಿಂತ ಹೆಚ್ಚು ಮಾಡಿದ್ದು ಬಾಗಿಲು,” ಎಂದರು. “ನಾನು ಒಳಗೆ ಬರುವುದು, ಬಾಗಿಲು ಮೂಗಿಗೆ ಬಡಿಯುವುದು, ನಾನು ಬೀಳುವುದು.” ನಾನು ನಿಲ್ಲಿಸಿದ್ದ ಹಲಗೆಯ ಎದುರು ನಿಂತು ಗುಟ್ಟನ್ನೂ ತೋರಿಸಿದರು. ಮೂಗು ಹಲಗೆಗೆ ತಾಗುವುದೇ ಇಲ್ಲ. ಕೆಳಗೆ ಬೂಟಿನ ತುದಿ ಒದೆಯುತ್ತದೆ, ಮೇಲೆ ತಲೆ ಹಿಂದಕ್ಕೆ ಹೋಗುತ್ತದೆ. ಸದ್ದು ಕಾಲಿನದು, ನೋವು ಮುಖದ್ದು.

ಬಿದ್ದು ಬಿದ್ದು ಮೊಣಕಾಲು ಸವೆದ ಮೇಲೆ ಡೈರೆಕ್ಟರ್ ಆದರು. ಬೀಳಲಾಗದವನು ಬೀಳುವುದನ್ನು ಕಲಿಸಬಹುದಲ್ಲ. ಆದರೆ ಅಲ್ಲಿಯೂ ಕೈಗೆ ಬಂದದ್ದು ಬರೀ ನಗೆನಾಟಕಗಳು. ದುಃಖದ ನಾಟಕ ಕೊಡಿ ಎಂದು ಕೇಳಿದರೆ ಥಿಯೇಟರಿನ ಮಾಲೀಕರು ಇವರ ಮುಖ ನೋಡಿ ನಗುತ್ತಿದ್ದರು.

“ನನ್ನ ಹೆಂಡತಿಯ ಮಣ್ಣಿನ ದಿನ ನಾಲ್ಕು ಮಾತಾಡಲು ಎದ್ದು ನಿಂತೆ,” ಎಂದರು ಸಾಹೇಬರು ಚಹಾ ಕಲಕುತ್ತ. “ಅವಳ ಚಿಕ್ಕಮ್ಮ ನಕ್ಕುಬಿಟ್ಟಳು. ಪಾಪ, ಅಭ್ಯಾಸ.”

ಆಮೇಲೆ ಅವರು ಇಲ್ಲಿ ಶಾಲೆಯಲ್ಲಿ ಕಲಿಸುವ ಮಗಳ ಮನೆಗೆ ಬಂದರು. ಕಾಂಪೌಂಡಿನ ಮಂದಿ ನಾಟಕ ಕಲಿಸಿ ಎಂದಾಗ ಆರಿಸಿಕೊಂಡದ್ದು ಒಬ್ಬ ಮುದುಕ ಜಡ್ಜ್ ಹಾಸಿಗೆಯಲ್ಲಿ ಸಾಯುವ ಕಥೆ. ಗುರುವಾರ ಒಂದು ಆಟ, ಶುಕ್ರವಾರ ಒಂದು ಆಟ. “ಎರಡರಲ್ಲಿ ಒಂದು ದಿನವಾದರೂ ಮೊದಲಿನಿಂದ ಕೊನೆಯವರೆಗೆ ಒಬ್ಬನೂ ನಗಬಾರದು. ಅಷ್ಟೇ ನನಗೆ ಬೇಕು. ಅದೂ ಆಗದಿದ್ದರೆ ಈ ಕಸುಬು ಬಿಟ್ಟೆ.”

ನಾನು ಬಾಗಿಲು ಮಾಡಿದೆ. ಬೆರಳಿನಿಂದ ದೂಡಿದರೆ ತೆರೆಯಬೇಕು, ಉಸಿರು ಬಿಟ್ಟರೆ ಮುಚ್ಚಬೇಕು, ಹಾಗೆ. ತೋರಿಸಲೆಂದು ಅವರ ಚಹಾದ ಟ್ರೇ ಹಿಡಿದು ಬಾಗಿಲಿನಿಂದ ಒಳಗೆ ಹೋದೆ, ಮಂಚದ ಪಕ್ಕ ಇಟ್ಟೆ, ಹೊರಗೆ ಬಂದೆ. ಸಾಹೇಬರು ನೋಡುತ್ತಲೇ ಇದ್ದರು. ಜಡ್ಜನ ಸೇವಕನ ಪಾರ್ಟು ಮಾಡಬೇಕಿದ್ದವನು ರಜೆಯ ಮೇಲೆ ಊರಿಗೆ ಹೋಗಿದ್ದ.

“ಜೀವನದಲ್ಲಿ ಯಾರೂ ನಿನ್ನನ್ನು ನೋಡಿ ನಕ್ಕೇ ಇಲ್ಲವೇನೋ ಎಂಬಂತೆ ನಡೆಯುತ್ತೀ,” ಎಂದರು. “ಈ ಪಾರ್ಟು ನಿನ್ನದು. ಮಾತು ಒಂದೂ ಇಲ್ಲ.”

ನಮ್ಮ ಕನ್ನಡದವರ ನಾಟಕದಲ್ಲಿ ವರ್ಷಾ ವರ್ಷಾ ನಗಿಸುವ ಪಾರ್ಟು ನನ್ನದೇ ಎಂಬುದನ್ನು ನಾನು ಹೇಳಲಿಲ್ಲ. ಅವರು ಕೇಳಲಿಲ್ಲ.

ಅಬು ಹಲೀಫಾದ ನಮ್ಮ ರೂಮಿನ ಗೆಳೆಯರಿಗೆ ಪಾಸು ಕೊಡುವಾಗ ಖಡಕ್ಕಾಗಿ ಹೇಳಿದೆ, “ಯಾರೂ ನಗಬ್ಯಾಡ್ರಿ. ನಕ್ರ ಮುಂದ ನಿಮ್ಮ ಕಪಾಟಿನ ಕದ ನಾ ರಿಪೇರಿ ಮಾಡಂಗಿಲ್ಲ.”

“ನಿನ್ನ ಮಾರಿ ನೋಡಿ ನಗದ ಹ್ಯಾಂಗ ಇರೂದಲೇ?” ಎಂದ ಕ್ರೇನ್ ಆಪರೇಟರ್, ನನ್ನ ಪಕ್ಕದ ಮಂಚದವನು, ವಿಜಾಪುರದ ಕಡೆಯವನು.

“ಹಲ್ಲು ಕಡಕೊಂಡು ಕುಂದ್ರು.”

ಕೆಳಗಿನ ಬಕಾಲೆಯ ಬ್ಯಾರಿ ಕಾಕಾ ಕೂಡ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬಂದರು. ಎಲ್ಲರೂ ಕಡೆಯ ಸಾಲಿನಲ್ಲಿ ಕುಳಿತರು.

ಗುರುವಾರದ ಆಟ ಚೆನ್ನಾಗಿ ನಡೆಯಿತು. ಜಡ್ಜ್ ಪಾರ್ಟಿನವರು ಒಬ್ಬ ಹಲ್ಲಿನ ಡಾಕ್ಟರು, ಬಹಳ ಮರ್ಯಾದಸ್ಥರು. ಕೊನೆಗೆ ನಾನು ಟ್ರೇ ಹಿಡಿದು ಹೋದೆ. ತಲೆ ಎತ್ತಿ ಹಿಡಿದು ಒಂದು ಗುಟುಕು ಚಹಾ ಕುಡಿಸಿದೆ. ಅವರು “ಥ್ಯಾಂಕ್ ಯೂ, ಓಲ್ಡ್ ಫ್ರೆಂಡ್” ಎಂದು ಪ್ರಾಣ ಬಿಟ್ಟರು. ನಾನು ಹೊದಿಕೆ ಸರಿಮಾಡಿ, ಹೊರಗೆ ಬಂದು, ಬಾಗಿಲು ಮುಚ್ಚಿದೆ. ಸದ್ದಿಲ್ಲ. ಹಾಲಿನಲ್ಲೂ ಸದ್ದಿಲ್ಲ. ಬಾಗಿಲ ಹಿಂದೆ ಸಾಹೇಬರು ಎರಡೂ ಕೈ ಎದೆಗೆ ಒತ್ತಿಕೊಂಡು ನಿಂತಿದ್ದರು.

ಆಗ ಕಡೆಯ ಸಾಲಿನಿಂದ ಕ್ರೇನಿನ ಎತ್ತರದ ದನಿ ಬಂತು: “ಒನ್ಸ್ ಮೋರ್!”

ನಮ್ಮ ಕಡೆ ಕಂಪನಿ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒನ್ಸ್ ಮೋರ್ ಬಂದರೆ ಕಲಾವಿದ ಮತ್ತೆ ಹೋಗಬೇಕು. ಹೋಗದವನು ಜನರಿಗೆ ಬೆನ್ನು ತೋರಿಸಿದ ಹಾಗೆ. ನಾನು ಯಾರಿಗೂ ಬೆನ್ನು ತೋರಿಸಿದವನಲ್ಲ. ಬಾಗಿಲು ದೂಡಿ ಒಳಗೆ ಹೋದೆ. ಟ್ರೇ ಎತ್ತಿಕೊಂಡೆ. ಸತ್ತವರ ತಲೆ ಎತ್ತಿ ಹಿಡಿದು ಬಾಯಿಗೆ ಕಪ್ಪು ಇಟ್ಟೆ.

ಡಾಕ್ಟರು ಒಂದು ಕಣ್ಣು ತೆರೆದರು. ನನ್ನನ್ನು ನೋಡಿದರು. ಮರ್ಯಾದಸ್ಥರು, ಕೊಟ್ಟ ಚಹಾ ಬೇಡವೆನ್ನಲಾಗಲಿಲ್ಲ. ಕುಡಿದರು. “ಥ್ಯಾಂಕ್ ಯೂ, ಓಲ್ಡ್ ಫ್ರೆಂಡ್” ಎಂದು ಮತ್ತೆ ಸತ್ತರು.

ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕಿಸಕ್ಕೆಂದಳು. ನಾನು ಬಾಗಿಲು ಮುಚ್ಚುವಷ್ಟರಲ್ಲಿ ಹಿಂದಿನಿಂದ ಮತ್ತೆ “ಒನ್ಸ್ ಮೋರ್!” ಎಂದು ಬಂತು. ಹೆಣ ಕೈ ಎತ್ತಿ, “ನೋ ಮೋರ್ ಟೀ, ಪ್ಲೀಸ್” ಎಂದಿತು. ಅಷ್ಟೇ. ಹಾಲ್ ಬಿದ್ದು ಬಿದ್ದು ನಕ್ಕಿತು. ಖಲಾಸ್.

ಪರದೆ ಎಳೆದ ಮೇಲೆ ಮಂದಿ ಸಾಲುಗಟ್ಟಿ ಬಂದು ಸಾಹೇಬರ ಕೈ ಕುಲುಕಿದರು. “ನಿಮ್ಮದೇ ಆಟ ಎಂದು ಗೊತ್ತಾಗುತ್ತದೆ. ಎಂಥ ಕಾಮಿಡಿ!” ಎಂದರು. ಸಾಹೇಬರು ಪೇಂಟಿನ ಡಬ್ಬಿಯ ಮೇಲೆ ಕುಳಿತಿದ್ದರು. ಹುಬ್ಬುಗಳು ಅಲುಗುತ್ತಿರಲಿಲ್ಲ.

“ಯಾಕೆ ಒಳಗೆ ಹೋದೆ?” ಎಂದರು ನನ್ನನ್ನು ನೋಡಿ.

“ಒನ್ಸ್ ಮೋರ್ ಅಂದ್ರಲ್ರಿ ಸರ್. ಹೋಗಬೇಕ್ರಿ.” ನಾನು ಅವತ್ತೂ ತಪ್ಪು ಎನ್ನಲಿಲ್ಲ, ಇವತ್ತೂ ಎನ್ನುವುದಿಲ್ಲ. “ನಮ್ಮ ಕಡೆ ಸತ್ತ ಮಗನ್ನ ತೊಡಿ ಮ್ಯಾಲ ಹಾಕ್ಕೊಂಡು ತಾಯಿ ಅತ್ರೂ ಒನ್ಸ್ ಮೋರ್ ಅಂತಾರ್ರಿ. ಮಗ ಎದ್ದು ಇನ್ನೊಮ್ಮೆ ಸಾಯ್ತಾನ.”

“ಜನ ನಗುವುದಿಲ್ಲವೇ?”

“ಯಾಕ ನಗ್ತಾರ್ರಿ? ಇನ್ನಷ್ಟು ಅಳ್ತಾರ.”

ಸಾಹೇಬರು ಎದ್ದರು. “ಕೂಗಿದವನನ್ನು ತೋರಿಸು.”

ಗೆಳೆಯರು ಹೊರಗೆ ಪಾರ್ಕಿಂಗಿನಲ್ಲಿ ನನಗಾಗಿ ಕಾಯುತ್ತಿದ್ದರು. ಬ್ಯಾರಿ ಕಾಕಾ ನನ್ನನ್ನು ಕಂಡವರೇ, “ಎಂತ ಮಾರಾಯ್ರೆ ನೀವು! ಸತ್ತವನಿಗೆ ಚಾ ಕೊಡುವುದಾ? ಅದೂ ಎರಡನೇ ಸಲ?” ಎಂದರು. ಕೂಗಿದವನು ಇವನೇ ಎಂದು ನಾನು ಕ್ರೇನ್ ಆಪರೇಟರನ್ನು ತೋರಿಸಿದೆ. ಅವನ ಕಣ್ಣು ಕೆಂಪಗಿದ್ದವು.

“ಇವನು ಅತ್ತಿದ್ದಾನೆ,” ಎಂದರು ಸಾಹೇಬರು. ಬಯ್ಯಲು ಬಂದವರು ಬೆರಗಾಗಿ ನಿಂತರು. “ಎಲ್ಲರೂ ನಗುವಾಗ ಇವನು ಅಳುತ್ತಿದ್ದನೇ? ಯಾಕೆ ಕೂಗಿದ, ಕೇಳು.”

ನಾನು ಕೇಳಿದೆ. ಅವನು ನೆಲ ನೋಡುತ್ತ ಹೇಳಿದ, “ನಮ್ಮ ಅಪ್ಪ ಹ್ವಾದಾಗ ನನ್ನ ಇಕಾಮಾ ಪರ್ಮಿಟ್ಟು ರಿನ್ಯೂಕ್ಕ ಹೋಗಿತ್ತು. ಊರಿಗೆ ಹೋಗಾಕ ಆಗಲಿಲ್ಲ. ಬಾಯಾಗ ಒಂದು ಗುಟುಕು ನೀರು ಬಿಡೂದೂ ನನಗ ಸಿಗಲಿಲ್ಲ. ನೀ ಆ ಮುದುಕಗ ಚಹಾ ಕುಡಿಸಿದ್ದು ನೋಡಿ, ಇನ್ನೊಮ್ಮೆ ನೋಡಬೇಕನಿಸ್ತು. ತಡಕೊಳ್ಳಾಕ ಆಗಲಿಲ್ಲಪಾ.”

ನಾನು ಅದನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಸಾಹೇಬರಿಗೆ ಹೇಳಿದೆ. ಅವರು ಕ್ರೇನಿನವನ ಭುಜದ ಮೇಲೆ ಕೈಯಿಟ್ಟರು. ಆಮೇಲೆ ನನಗೆ ಹೇಳಿದರು, “ನಾಳೆ ಇವರೆಲ್ಲ ಮೊದಲ ಸಾಲಿನಲ್ಲಿ ಕೂರಬೇಕು.”

ಶುಕ್ರವಾರ ಮೊದಲ ಸಾಲಿನಲ್ಲಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಅಬು ಹಲೀಫಾದ ನಮ್ಮ ಇಡೀ ರೂಮೇ ಕುಳಿತಿತ್ತು. ಹಿಂದಿನ ಆಟದ ಸುದ್ದಿ ಕೇಳಿ, ಎರಡನೇ ಚಹಾ ನೋಡಲೆಂದೇ ಬಹಳ ಮಂದಿ ಬಂದಿದ್ದರು. ನಾನು ಬಾಗಿಲು ತೆರೆದು ಒಳಗೆ ಹೋದೆ. ಹಿಂದಿನ ಸಾಲುಗಳಲ್ಲಿ ನಗಲು ಸಿದ್ಧವಾಗಿ ಕುರ್ಚಿ ಸರಿಸಿಕೊಂಡ ಸದ್ದು ಕೇಳಿಸಿತು. ಡಾಕ್ಟರ ತಲೆ ಎತ್ತಿ ಕಪ್ಪು ಬಾಯಿಗೆ ಇಟ್ಟೆ. ಮೊದಲ ಸಾಲಿನಿಂದ ಒಂದು ಬಿಕ್ಕು ಬಂತು. ಕ್ರೇನಿನವನು ಮುಚ್ಚುಮರೆಯಿಲ್ಲದೆ ಅಳುತ್ತಿದ್ದ. ಪಕ್ಕದಲ್ಲಿ ಬ್ಯಾರಿ ಕಾಕಾ ಟೊಪ್ಪಿ ತೆಗೆದು ಕಣ್ಣೊರಸಿಕೊಂಡರು. ಎದುರಿಗೆ ಒಬ್ಬ ಗಂಡಸು ಹಾಗೆ ಅಳುವಾಗ ಹಿಂದೆ ಕುಳಿತು ನಗಲು ಯಾರಿಗೆ ಬಾಯಿ ಬರುತ್ತದೆ? ಜಡ್ಜ್ ಸತ್ತರು. ನಾನು ಹೊರಗೆ ಬಂದೆ.

ಬಾಗಿಲ ಹಿಂದೆ ನಾನೂ ಸಾಹೇಬರೂ ಕಿವಿಗೊಟ್ಟು ನಿಂತೆವು. ಅವರು ನಗುವಿಗೆ ಹೆದರಿ, ನಾನು ಒನ್ಸ್ ಮೋರಿಗೆ ಕಾದು. ಎರಡೂ ಬರಲಿಲ್ಲ. ಪರದೆ ಬಿತ್ತು. ಸಾಹೇಬರು ನನ್ನನ್ನು ತಬ್ಬಿಕೊಂಡರು. ನನಗೆ ಸ್ವಲ್ಪ ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಲಿ. ವ್ಯಾನಿನಲ್ಲಿ ಹೋಗುವಾಗ ಕ್ರೇನಿನವನನ್ನು ಕೇಳಿಯೂ ಬಿಟ್ಟೆ, “ಯಾಕಲೇ ಇವತ್ತು ಕೂಗಲಿಲ್ಲ?”

“ನಿನ್ನೆ ಸಾಲಲಿಲ್ಲ ಅನಿಸಿತ್ತು,” ಎಂದ. “ಇವತ್ತು ಆತು. ಅಪ್ಪ ಹ್ವಾದ.”

ಆದರೆ ಅದಕ್ಕೆ ಮೊದಲು ಇನ್ನೊಂದು ನಡೆಯಿತು. ಪರದೆ ಮತ್ತೆ ತೆರೆದು, ನಾವೆಲ್ಲ ಸಾಲಾಗಿ ನಿಂತು ಬಗ್ಗಿದೆವು. ಡೈರೆಕ್ಟರನ್ನು ಕರೆದರು. ಸಾಹೇಬರು ಬಾಗಿಲಿನಿಂದ ಬಂದರು, ಗಂಭೀರವಾಗಿ ಕೈ ಮುಗಿದರು, ತಿರುಗಿ ಹೊರಟರು. ಧಡ್! ತಲೆ ಹಿಂದಕ್ಕೆ ಹೋಯಿತು, ಕಾಲು ಮೇಲಕ್ಕೆ ಬಂತು, ಸವೆದ ಮೊಣಕಾಲಿನ ಮನುಷ್ಯ ಅಂಗಾತ ಬಿದ್ದಿದ್ದರು. ಅತ್ತು ಕುಳಿತಿದ್ದ ಹಾಲ್ ಒಮ್ಮೆಲೇ ನಗೆಯಿಂದ ಸ್ಫೋಟಿಸಿತು.

ನಾನೊಬ್ಬನೇ ಕೆಳಗೆ ನೋಡಿದೆ. ನನ್ನ ಬಾಗಿಲಿನ ಬುಡದಲ್ಲಿ ಬೂಟಿನ ಗುರುತಿತ್ತು. ನನ್ನ ಬಾಗಿಲು ಯಾರ ಮೂಗಿಗೂ ಬಡಿದಿಲ್ಲ.

ಮೊದಲ ಸಾಲು ಎದ್ದು ನಿಂತಿತು. ಕ್ರೇನಿನವನು ಕಣ್ಣೊರಸಿಕೊಳ್ಳುತ್ತಲೇ ಕೂಗಿದ, “ಒನ್ಸ್ ಮೋರ್!”

ಸಾಹೇಬರು ಬಿದ್ದಲ್ಲಿಂದಲೇ ನನ್ನ ಕಡೆ ನೋಡಿದರು. ಎರಡೂ ಹುಬ್ಬು ಮೇಲಿದ್ದವು.

“ಹೋಗಬೇಕ್ರಿ ಸರ್,” ಎಂದೆ. ಕೈ ಕೊಟ್ಟು ಎಬ್ಬಿಸಿ, ಬಾಗಿಲು ಹಿಡಿದುಕೊಂಡು ನಿಂತೆ.