ಭಾನುವಾರದ ಸೊಪ್ಪು

ಶಿಡ್ಲಘಟ್ಟದ ನಮ್ಮ ಹುಳು ಮನೆಯಲ್ಲಿ ಇವತ್ತು ಒದ್ದೆ ಗೋಣಿ ಎತ್ತಿದಾಗ ಬಾಡಿದ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂತು. ಭಾನುವಾರ ದುಡಿದರೆ ದೇವರಿಗಾಗದು ಎಂದು ಅಜ್ಜಿ ಶನಿವಾರವೇ ರೇಷ್ಮೆಹುಳುಗಳಿಗೆ ಸೊಪ್ಪು ಕೊಯ್ದು ಹೀಗೆ ಮುಚ್ಚಿಡುತ್ತಿದ್ದಳು. ಒಂದು ಬೇಸಿಗೆಯ ಭಾನುವಾರ ಅದು ಒಣಗಿಹೋಗಿತ್ತು, ಹುಳುಗಳು ಮುಟ್ಟಲಿಲ್ಲ.

ಅವತ್ತು ಮನೆಗೆ ಪ್ರಾರ್ಥನೆಗೆ ಬಂದಿದ್ದ ಪಾಸ್ಟರು, "ಹುಳ ಹಸ್ಕೊಂಡವೆ, ಹೋಗಿ ಕುಯ್ಕೊಂಡ್ ಬನ್ನಿ ಅಮ್ಮ. ನಿಯಮ ಪಾಲಿಸಿದ್ರೇನೇ ದೇವರು ಪ್ರೀತಿಸ್ತಾನೆ ಅಂತಿಲ್ಲ. ತನ್ನ ಕೃಪೆಯಿಂದ್ಲೇ ನಮ್ಮನ್ನ ಪಾಪದಿಂದ ಬಿಡಿಸಿದಾನೆ" ಎಂದರು.

ಅಜ್ಜಿ ಕುಡುಗೋಲು ಹಿಡಿದು ತೋಟಕ್ಕೆ ಹೋದವಳು ಸೊಪ್ಪಿಲ್ಲದೆ ಬಂದಳು. "ನೀವೇಳಿದ್ದು ನಿಜ ಅಯ್ಯನೋರೇ. ಕೈ ಬರ್ಲಿಲ್ಲ." ಕೊನೆಗೆ ಪಾಸ್ಟರೇ ಪ್ಯಾಂಟು ಮಡಿಸಿಕೊಂಡು ಕೊಯ್ದು ತಂದರು.

ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಯಿತು. ನಾನು ಚರ್ಚಿಗೆ ಹೋಗುವುದನ್ನೂ ಬಿಟ್ಟಿದ್ದೇನೆ. ಇವತ್ತು ಭಾನುವಾರ. ಈ ಸೊಪ್ಪನ್ನು ನಿನ್ನೆಯೇ ಕೊಯ್ದು ಮುಚ್ಚಿಟ್ಟವನು ನಾನೇ.